ಬೈಕು ಬಿಚ್ಚಿ ಜೋಡಿಸಿ ಯಂತ್ರವಿದ್ಯೆ ಕಲಿತ ಜಿ.ಡಿ. ನಾಯ್ಡು

ಲೊಕ್ಕನಹಳ್ಳಿಯಿಂದ ಒಡೆಯರಪಾಳ್ಯದ ಮೇಲೆ ಹಾಯ್ದು ಕಾಡಿನೊಳಗೆ ಸಾಗುವ ರಸ್ತೆ ಹಾಸನೂರಿನಲ್ಲಿ ದಿಂಬಂ ಘಟ್ಟದ ಹೆದ್ದಾರಿಯನ್ನು ಸೇರುತ್ತದೆ. ಘಟ್ಟವಿಳಿದರೆ ಸತ್ಯಮಂಗಲ, ಅಲ್ಲಿಂದ ಮುಂದೆ ಕೊಯಮತ್ತೂರು. ಇಂದು ಈ ದಾರಿಯಲ್ಲಿ ರಾಜ್ಯದ ಗಡಿ ಅಡ್ಡ ಬರುತ್ತದೆ. 1956ರ ನವೆಂಬರ್ 1ಕ್ಕೆ ಮುನ್ನ ಆ ಗಡಿ ಇರಲಿಲ್ಲ. ಆಗ ಕೊಳ್ಳೇಗಾಲ ತಾಲ್ಲೂಕು ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಈಗ ಹನೂರು ತಾಲ್ಲೂಕಿನಲ್ಲಿರುವ ಲೊಕ್ಕನಹಳ್ಳಿಯವರಿಗೂ ಅಂದು ಜಿಲ್ಲಾ ಕೇಂದ್ರ ಕೊಯಮತ್ತೂರೇ ಆಗಿತ್ತು.

ಅದೇ ಜಿಲ್ಲೆಯ ಮತ್ತೊಂದು ಮೂಲೆಯ ಹಳ್ಳಿಯಲ್ಲಿ ಹುಟ್ಟಿ, ಶಾಲೆಗೆ ಬೆನ್ನು ತಿರುಗಿಸಿ, ಒಂದು ಹಳೆಯ ಮೋಟಾರ್ ಸೈಕಲ್ಲನ್ನೇ ಗುರುವಾಗಿ ಪಡೆದವರು ಗೋಪಾಲಸ್ವಾಮಿ ದೊರೈಸ್ವಾಮಿ ನಾಯ್ಡು. ಜನ ಅವರನ್ನು ಜಿ.ಡಿ. ನಾಯ್ಡು ಎಂದು ಕರೆದರು. ಭಾರತದ ಎಡಿಸನ್ ಎಂದೂ ಹೊಗಳಿದರು.

ನಾಯ್ಡು ಜನಿಸಿದ್ದು 1893ರ ಮಾರ್ಚ್ 23ರಂದು, ಕೊಯಮತ್ತೂರಿಗೆ ಸಮೀಪದ ಕಲಂಗಲ್ ಗ್ರಾಮದಲ್ಲಿ. ಎಳವೆಯಲ್ಲಿಯೇ ತಾಯಿಯನ್ನು ಕಳೆದುಕೊಂಡರು. ಓದಿನಲ್ಲಿ ಮನಸ್ಸು ನಿಲ್ಲಲಿಲ್ಲ. ಶಾಲೆಯ ತಂಟೆ ಮಿತಿಮೀರಿ, ಪ್ರಾಥಮಿಕ ಹಂತದಲ್ಲಿಯೇ ವಿದ್ಯಾಭ್ಯಾಸ ನಿಂತುಹೋಯಿತು. ಹೊಲದ ಕೆಲಸದಲ್ಲಿ ಕೊನೆಯಾಗಬೇಕಿದ್ದ ಆ ಬದುಕಿನ ದಿಕ್ಕನ್ನು ಬದಲಿಸಿದ್ದು ಇಂಗ್ಲಿಷ್ ಅಧಿಕಾರಿಯೊಬ್ಬರು ಏರಿ ಬಂದಿದ್ದ ರಡ್ಜ್ ಮೋಟಾರ್ ಸೈಕಲ್.

ಎತ್ತಿಲ್ಲದೆ, ಕುದುರೆಯಿಲ್ಲದೆ ತಾನೇ ಓಡುವ ಆ ವಾಹನವನ್ನು ಕಂಡವರೆಲ್ಲ ಬೆರಗಾದರು. ನಾಯ್ಡು ಅವರಲ್ಲಿ ಮಾತ್ರ ಬೆರಗಿನ ಜೊತೆಗೆ ಒಂದು ಹಟವೂ ಹುಟ್ಟಿತು. ಅದು ಓಡುವುದು ಹೇಗೆಂದು ತಿಳಿಯಲೇಬೇಕು. ತಿಳಿಯಬೇಕಾದರೆ ಅದು ತನ್ನ ಕೈಗೆ ಬರಬೇಕು. ಅವರು ಕೊಯಮತ್ತೂರಿಗೆ ಹೋಗಿ ಹೋಟೆಲೊಂದರಲ್ಲಿ ಮಾಣಿಯಾದರು. ತಟ್ಟೆ ಎತ್ತಿ, ಊಟ ಬಡಿಸಿ, ಬಂದ ಸಂಬಳದಲ್ಲಿ ಹಣ ಕೂಡಿಟ್ಟು, ಕೊನೆಗೆ ಆ ಮೋಟಾರ್ ಸೈಕಲ್ಲನ್ನು ಕೊಂಡೇಬಿಟ್ಟರು.

ಕೊಂಡವರು ಸವಾರಿಗಷ್ಟೇ ತೃಪ್ತರಾಗಲಿಲ್ಲ. ಅದನ್ನು ಪೂರ್ತಿಯಾಗಿ ಬಿಚ್ಚಿದರು, ಮತ್ತೆ ಜೋಡಿಸಿದರು.

1912ರ ರಡ್ಜ್ ಎಂದರೆ ಸುಮಾರು 500 ಸಿಸಿಯ, ಒಂದೇ ಸಿಲಿಂಡರಿನ ಬೈಕು. ಹಿಂದಿನ ಚಕ್ರವನ್ನು ತಿರುಗಿಸುತ್ತಿದ್ದುದು ಸರಪಳಿಯಲ್ಲ, ಬೆಲ್ಟು. ಕಿಡಿ ಹೊತ್ತಿಸಲು ಮ್ಯಾಗ್ನೆಟೊ. ಆ ಕಾಲದ ಬೈಕುಗಳಲ್ಲಿ ಎಂಜಿನ್ನಿಗೆ ಎಣ್ಣೆಯನ್ನು ಸವಾರನೇ ಕೈಪಂಪಿನಿಂದ ಒತ್ತಿ ಕಳುಹಿಸಬೇಕಿತ್ತು. ಒತ್ತುವುದು ಕಡಿಮೆಯಾದರೆ ಪಿಸ್ಟನ್ ಹಿಡಿದುಕೊಳ್ಳುವುದು. ಹೆಚ್ಚಾದರೆ ಪ್ಲಗ್ಗಿಗೆ ಮಸಿ ಕಟ್ಟುವುದು. ಮಳೆಯಲ್ಲಿ ನೆನೆದರೆ ಬೆಲ್ಟು ಜಾರುವುದು. ಪೆಟ್ರೋಲಿನಲ್ಲಿ ಕಸವಿದ್ದರೆ ಕಾರ್ಬುರೇಟರಿನ ಜೆಟ್ ಮುಚ್ಚಿಹೋಗುವುದು. ಇಂಥ ವಾಹನವನ್ನು ಇಟ್ಟುಕೊಂಡವನು ಮೆಕ್ಯಾನಿಕ್ ಆಗದೆ ಬೇರೆ ದಾರಿಯಿರಲಿಲ್ಲ.

ಅಮೆರಿಕದಲ್ಲಿ ಅದೇ ವರ್ಷಗಳಲ್ಲಿ ಹಾರ್ಲೆ-ಡೇವಿಡ್‌ಸನ್ ಹಾಗೂ ಇಂಡಿಯನ್ ಕಂಪನಿಗಳು ಎರಡು ಸಿಲಿಂಡರುಗಳನ್ನು ಇಂಗ್ಲಿಷಿನ ವಿ ಅಕ್ಷರದಂತೆ ನಿಲ್ಲಿಸಿ ದೊಡ್ಡ ಬೈಕುಗಳನ್ನು ತಯಾರಿಸುತ್ತಿದ್ದವು. ಅಂಥ ಎಂಜಿನ್ನಿನಲ್ಲಿ ಪಿಸ್ಟನ್, ಪ್ಲಗ್, ವಾಲ್ವುಗಳೆಲ್ಲ ಇಮ್ಮಡಿ. ಮುಂದಿನ ಸಿಲಿಂಡರಿನ ಮರೆಯಲ್ಲಿರುವ ಹಿಂದಿನದಕ್ಕೆ ಗಾಳಿ ಕಡಿಮೆ, ಬಿಸಿ ಹೆಚ್ಚು. ಇಂದು ಅಂಥ ಹಳೆಯ ಬೈಕನ್ನು ಸುಸ್ಥಿತಿಯಲ್ಲಿಡಲು ಹೊರಟವರಿಗೆ ಅನೇಕ ಬಿಡಿಭಾಗಗಳು ಅಂಗಡಿಯಲ್ಲಿ ಸಿಗುವುದಿಲ್ಲ. ಸವೆದ ಬುಷ್ಷನ್ನು ಲೇತಿನಲ್ಲಿ ಕಡೆಸಿಯೇ ಹಾಕಬೇಕು. ಸಿಲಿಂಡರ್ ಒಂದಿರಲಿ, ಎರಡಿರಲಿ, ವಿದ್ಯೆ ಒಂದೇ: ನೋಡುವುದು, ಬಿಚ್ಚುವುದು, ಬಿಚ್ಚಿದ ಕ್ರಮವನ್ನು ನೆನಪಿಡುವುದು, ಸವೆದದ್ದನ್ನು ಗುರುತಿಸುವುದು, ಮತ್ತೆ ಕೂಡಿಸುವುದು. ನಾಯ್ಡು ಕಲಿತದ್ದು ಇದನ್ನೇ.

ಮೆಕ್ಯಾನಿಕ್ ಆಗಿ ದುಡಿದ ಅವರು ಹತ್ತಿ ವ್ಯಾಪಾರಕ್ಕೂ ಕೈಹಾಕಿ, ತಿರುಪ್ಪೂರಿನಲ್ಲಿ ಗಳಿಸಿದ್ದನ್ನು ಬೊಂಬಾಯಿಯಲ್ಲಿ ಕಳೆದುಕೊಂಡರು. ಬರಿಗೈಯಲ್ಲಿ ಮರಳಿದ ನಾಯ್ಡು ಅವರಿಗೆ ಕೊಯಮತ್ತೂರಿನ ಉದ್ಯಮಿ ರಾಬರ್ಟ್ ಸ್ಟೇನ್ಸ್ ನೆರವಾದರು. 1920ರಲ್ಲಿ ಒಂದು ಬಸ್ಸು ಕೊಂಡು, ಪೊಳ್ಳಾಚಿ ಮತ್ತು ಪಳನಿಯ ನಡುವೆ ತಾವೇ ಚಾಲಕರಾಗಿ ಓಡಿಸಿದರು. ಕೆಟ್ಟು ನಿಂತರೆ ಬೇರೆಯವರಿಗೆ ಕಾಯಬೇಕಾದ ಪ್ರಮೇಯವೇ ಅವರಿಗಿರಲಿಲ್ಲ. ಆ ಒಂದು ಬಸ್ಸು ಬೆಳೆದು ಯುಎಂಎಸ್ ಎಂಬ ಸಾರಿಗೆ ಸಂಸ್ಥೆಯಾಯಿತು; 1933ರ ಹೊತ್ತಿಗೆ ಅದರಲ್ಲಿ 280 ಬಸ್ಸುಗಳಿದ್ದವು.

ಬಸ್ಸಿನಿಂದ ಅವರ ಕುತೂಹಲ ಬೇರೆ ಯಂತ್ರಗಳತ್ತ ಹೊರಳಿತು. ಬ್ಯಾಟರಿಯಿಂದ ನಡೆಯುವ ಚಿಕ್ಕ ಮೋಟಾರಿನ ರಾಸಂಟ್ ಎಂಬ ಕ್ಷೌರಯಂತ್ರ, ಸೀಮೆಎಣ್ಣೆಯಿಂದ ತಿರುಗುವ ಫ್ಯಾನು, ಹಣ್ಣಿನ ರಸ ತೆಗೆಯುವ ಯಂತ್ರ, ಮತ ದಾಖಲಿಸುವ ಯಂತ್ರ ಅವರಿಂದ ರೂಪುಗೊಂಡವು. 1937ರಲ್ಲಿ ಡಿ. ಬಾಲಸುಂದರಂ ಅವರೊಡನೆ ಪೀಳಮೇಡಿನ ಕಾರ್ಖಾನೆಯಲ್ಲಿ ದೇಶೀಯ ವಿದ್ಯುತ್ ಮೋಟಾರನ್ನು ತಯಾರಿಸಿದರು. ಮುಂದೆ ಕೊಯಮತ್ತೂರು ಮೋಟಾರು ಮತ್ತು ಪಂಪುಸೆಟ್ಟುಗಳ ಊರೆಂದು ಹೆಸರಾಯಿತು. ಅಲ್ಲಿಂದ ಬಂದ ಪಂಪುಗಳು ಕರ್ನಾಟಕದ ಅದೆಷ್ಟೋ ಬಾವಿಗಳಿಂದ ನೀರೆತ್ತಿವೆ.

ಗೆಲುವುಗಳ ನಡುವೆ ಅವರಿಗೆ ಎರಡು ದೊಡ್ಡ ಸೋಲುಗಳು ಎದುರಾದವು. ಮೊದಲನೆಯದು ಶಿಕ್ಷಣ ಕ್ಷೇತ್ರದಲ್ಲಿ. 1945ರಲ್ಲಿ ಅವರ ಪ್ರಯತ್ನ ಮತ್ತು ದಾನದಿಂದ, ಮದರಾಸಿನ ಗವರ್ನರ್ ಆರ್ಥರ್ ಹೋಪ್ ಅವರ ಹೆಸರಿನಲ್ಲಿ ಕೊಯಮತ್ತೂರಿನಲ್ಲಿ ತಾಂತ್ರಿಕ ಕಾಲೇಜು ಆರಂಭವಾಯಿತು. ಶಾಲೆ ಬಿಟ್ಟ ಹುಡುಗ ಕಾಲೇಜಿನ ಪ್ರಾಂಶುಪಾಲರ ಕುರ್ಚಿಯಲ್ಲಿ ಕುಳಿತರು. ಎಂಜಿನಿಯರಿಂಗ್ ಕಲಿಯಲು ನಾಲ್ಕು ವರ್ಷ ಬೇಡ, ಎರಡೇ ಸಾಕು ಎಂಬುದು ಅವರ ವಾದವಾಗಿತ್ತು. ಸರ್ಕಾರ ಒಪ್ಪಲಿಲ್ಲ, ನಾಯ್ಡು ಹುದ್ದೆ ತೊರೆದರು. ಸಿದ್ಧಾಂತದ ಆಳವಾದ ಅಭ್ಯಾಸಕ್ಕೆ ಎರಡು ವರ್ಷ ಸಾಲದೆಂಬ ಆಕ್ಷೇಪದಲ್ಲಿ ಹುರುಳಿಲ್ಲವೆನ್ನಲಾಗದು. ಆದರೆ ಸ್ಪ್ಯಾನರ್ ಹಿಡಿಯದೆಯೇ ಎಂಜಿನಿಯರ್ ಆಗಿ ಹೊರಬರುವ ವಿದ್ಯಾರ್ಥಿಗಳ ಬಗ್ಗೆ ಇಂದಿಗೂ ಕೇಳಿಬರುವ ದೂರನ್ನು ನೆನೆದರೆ, ಅವರ ಹಟಕ್ಕೂ ಅರ್ಥವಿತ್ತೆನಿಸುತ್ತದೆ.

ಎರಡನೆಯ ಸೋಲು ಕಾರಿನದು. 1952ರಲ್ಲಿ ಇಬ್ಬರು ಕೂರಬಹುದಾದ ಪೆಟ್ರೋಲ್ ಕಾರನ್ನು ಕೇವಲ 2,000 ರೂಪಾಯಿಗೆ ನೀಡಲು ಅವರು ಮುಂದಾದರು. ತಯಾರಿಕೆಗೆ ಸರ್ಕಾರದ ಪರವಾನಗಿ ದೊರೆಯಲಿಲ್ಲ. ಸಾಮಾನ್ಯನ ಮನೆಬಾಗಿಲಿಗೆ ಬರಬಹುದಾಗಿದ್ದ ಕಾರು ಅಲ್ಲಿಗೇ ನಿಂತಿತು.

ಆದರೂ ಕಲಿಸುವ ಹಂಬಲವನ್ನು ನಾಯ್ಡು ಬಿಡಲಿಲ್ಲ. ದೇಶವಿದೇಶಗಳಿಂದ ತಂದ ಯಂತ್ರಗಳನ್ನು ಸಾರ್ವಜನಿಕರು ಬಂದು ನೋಡಿ ತಿಳಿಯುವಂತೆ ಕೊಯಮತ್ತೂರಿನಲ್ಲಿ ಕೈಗಾರಿಕಾ ಪ್ರದರ್ಶನಾಲಯವನ್ನು ಕಟ್ಟಿದರು. 1974ರ ಜನವರಿ 4ರಂದು ಅವರು ನಿಧನರಾದರು. 2025ರ ಅಕ್ಟೋಬರಿನಲ್ಲಿ ಕೊಯಮತ್ತೂರಿನ ಅವಿನಾಶಿ ರಸ್ತೆಯಲ್ಲಿ ಸಂಚಾರಕ್ಕೆ ತೆರೆದ, ಸುಮಾರು 10 ಕಿಲೋಮೀಟರ್ ಉದ್ದದ ಮೇಲ್ಸೇತುವೆಗೆ ತಮಿಳುನಾಡು ಸರ್ಕಾರ ಅವರ ಹೆಸರನ್ನಿಟ್ಟಿತು.

ಮೇಲ್ಸೇತುವೆಯ ಗೌರವ ಸಲ್ಲತಕ್ಕದ್ದೇ. ಆದರೆ ನಾಯ್ಡು ಅವರ ನಿಜವಾದ ವಾರಸುದಾರರನ್ನು ಹುಡುಕಲು ಅಷ್ಟು ದೂರ ಹೋಗಬೇಕಾಗಿಲ್ಲ. ಹಳ್ಳಿಯ ಗ್ಯಾರೇಜಿನಲ್ಲಿ, ಗೋಣಿತಾಟಿನ ಮೇಲೆ ಎಂಜಿನ್ನಿನ ಭಾಗಗಳನ್ನು ಬಿಚ್ಚಿದ ಕ್ರಮದಲ್ಲಿಯೇ ಸಾಲಾಗಿ ಇಟ್ಟುಕೊಂಡು ಕುಳಿತ ಹುಡುಗನೂ ಅವರಲ್ಲೊಬ್ಬ. ಶಾಲೆ ಬಿಟ್ಟವನೆಂದು ಅವನನ್ನು ಹೀಗಳೆಯುವ ಮುನ್ನ, ಇದೇ ಹಳೆಯ ಕೊಯಮತ್ತೂರು ಜಿಲ್ಲೆಯಲ್ಲಿ ತಟ್ಟೆ ಎತ್ತಿ ಬೈಕು ಕೊಂಡ ಮಾಣಿಯನ್ನು ಒಮ್ಮೆ ನೆನೆಯಬೇಕು.