ಮಾತಿಲ್ಲದ ಸಿನಿಮಾದ ಹಾಡುಗಾರ: ಚಾರ್ಲಿ ಚಾಪ್ಲಿನ್ ಜೀವನ



ಚಾರ್ಲಿ ಚಾಪ್ಲಿನ್ ಅಂದ ಕೂಡಲೇ ನಮಗೆಲ್ಲ ನೆನಪಾಗೋದು ಗುಂಡು ಟೋಪಿ, ತುಂಡು ಮೀಸೆ, ಬಿಗಿ ಕೋಟು, ದೊಗಲೆ ಪ್ಯಾಂಟು, ದೊಡ್ಡ ಬೂಟು ಮತ್ತು ಕೈಯಲ್ಲೊಂದು ಬೆತ್ತ. ಬಾತುಕೋಳಿ ಹಾಗೆ ನಾಲ್ಕು ಹೆಜ್ಜೆ ನಡೆದರೆ ಸಾಕು, ನಗು ತಡೆಯೋಕೆ ಆಗಲ್ಲ. ಆದರೆ ಇಷ್ಟು ನಗಿಸಿದ ಮನುಷ್ಯನ ಜೀವನವನ್ನು ತಿದ್ದಿ ತೀಡಿದ್ದು ಸಂಗೀತ ಅನ್ನೋದು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಮಾತೇ ಇಲ್ಲದ ಮೂಕಿ ಚಿತ್ರದವರಿಗೆ ಸಂಗೀತ ಎಲ್ಲಿಂದ ಬಂತು ಅಂತ ನೀವು ಕೇಳಬಹುದು. ಅದನ್ನೇ ನಾನು ಇಲ್ಲಿ ಬರೆದಿದ್ದೇನೆ. ಚಿಕ್ಕಂದಿನ ಕತೆಯಲ್ಲಿ ಚಾರ್ಲಿಯನ್ನು ಅವನು ಅಂತ ಬರೆದಿದ್ದೇನೆ, ಯಾಕಂದ್ರೆ ಆಗ ಅವನು ನಮಗಿಂತ ಚಿಕ್ಕ ಹುಡುಗ. ದೊಡ್ಡವರಾದ ಮೇಲಿನದನ್ನು ಅವರು ಅಂತ ಬರೆದಿದ್ದೇನೆ.

ಹಾಡುವ ಮನೆ

ಚಾರ್ಲಿ ಹುಟ್ಟಿದ್ದು 1889ನೇ ಇಸವಿ ಏಪ್ರಿಲ್ 16ರಂದು, ಇಂಗ್ಲೆಂಡಿನ ಲಂಡನ್ ನಗರದಲ್ಲಿ. ಅಪ್ಪನ ಹೆಸರೂ ಚಾರ್ಲ್ಸ್ ಚಾಪ್ಲಿನ್. ಅಮ್ಮನ ಹೆಸರು ಹ್ಯಾನಾ. ಇಬ್ಬರೂ ಮ್ಯೂಸಿಕ್ ಹಾಲ್‌ನಲ್ಲಿ ಹಾಡುವವರು. ಮ್ಯೂಸಿಕ್ ಹಾಲ್ ಅಂದ್ರೆ ಹಾಡು, ಕುಣಿತ, ತಮಾಷೆ ಎಲ್ಲ ಒಂದೇ ರಾತ್ರಿ ತೋರಿಸುವ ನಾಟಕಶಾಲೆ. ಅಲ್ಲಿ ಹೆಂಡದಂಗಡಿಯೂ ಇರ್ತಿತ್ತು. ಹಾಡಿದ ಮೇಲೆ ಗಿರಾಕಿಗಳ ಜೊತೆ ಕೂತು ಕುಡಿಯೋದೂ ಹಾಡುಗಾರರ ಕೆಲಸ ಅನ್ನೋ ಹಾಗಿತ್ತು. ಚಾರ್ಲಿಯ ಅಪ್ಪನಿಗೆ ಒಳ್ಳೆ ಹೆಸರಿತ್ತು. ಅವನ ಚಿತ್ರ ಹಾಡಿನ ಪುಸ್ತಕಗಳ ಮುಖಪುಟದಲ್ಲಿ ಅಚ್ಚಾಗಿತ್ತು. ಆದರೆ ಕುಡಿತ ಅವನನ್ನು ಬಿಡಲಿಲ್ಲ. ಹೆಂಡತಿ ಮಕ್ಕಳನ್ನು ಬಿಟ್ಟು ದೂರ ಹೋದ. 1901ರಲ್ಲಿ ತೀರಿಕೊಂಡ. ಆಗ ಚಾರ್ಲಿಗೆ 12 ವರ್ಷ.

ಮನೆಯಲ್ಲಿ ಉಳಿದದ್ದು ಅಮ್ಮ, ಚಾರ್ಲಿ ಮತ್ತು ಅವನಿಗಿಂತ ನಾಲ್ಕು ವರ್ಷ ದೊಡ್ಡವನಾದ ಅಣ್ಣ ಸಿಡ್ನಿ. ಅಮ್ಮ ಕಿಟಕಿ ಹತ್ತಿರ ಕೂತು ರಸ್ತೆಯಲ್ಲಿ ಹೋಗುವವರ ನಡಿಗೆ, ಮುಖ, ಕೈಸನ್ನೆ ಎಲ್ಲ ಹಾಗೇ ಮಾಡಿ ತೋರಿಸ್ತಿದ್ದಳು. ನಟನೆಯ ಮೊದಲ ಪಾಠ ಅದೇ.

ಅಮ್ಮನ ಗಂಟಲು ಒಡೆದ ದಿನ

ಚಾರ್ಲಿ ಮೊದಲು ವೇದಿಕೆ ಹತ್ತಿದ್ದು ಐದನೇ ವರ್ಷದಲ್ಲಿ. ಇದನ್ನು ಅವರೇ 1964ರಲ್ಲಿ ಬಂದ ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಆಲ್ಡರ್‌ಶಾಟ್ ಅನ್ನೋ ಊರಲ್ಲಿ ಸೈನಿಕರ ಮುಂದೆ ಅಮ್ಮನ ಹಾಡಿತ್ತು. ಅವಳ ಗಂಟಲು ಆಗಲೇ ಕೆಟ್ಟಿತ್ತು. ಹಾಡುತ್ತಾ ಹಾಡುತ್ತಾ ಸ್ವರ ಒಡೆದು ಬರೀ ಪಿಸುಮಾತಾಯ್ತು. ಜನ ಕೂಗಾಡಿದ್ರು, ಅಣಕಿಸಿದ್ರು. ಅಮ್ಮ ಒಳಗೆ ಬಂದುಬಿಟ್ಟಳು. ಮ್ಯಾನೇಜರ್‌ಗೆ ಏನು ಮಾಡಬೇಕು ಗೊತ್ತಾಗದೆ, ಪಕ್ಕದಲ್ಲಿ ನಿಂತಿದ್ದ ಚಾರ್ಲಿಯ ಕೈ ಹಿಡಿದು ವೇದಿಕೆ ಮೇಲೆ ತಂದು ಬಿಟ್ಟ.

ಹುಡುಗ ಹೆದರಲಿಲ್ಲ. ತನಗೆ ಗೊತ್ತಿದ್ದ ಒಂದು ಹಾಡು ಶುರು ಮಾಡಿದ. ಅರ್ಧಕ್ಕೆ ಬರೋದರಲ್ಲಿ ಜನ ಕಾಸು ಎಸೆಯೋಕೆ ಹತ್ತಿದರು. ಚಾರ್ಲಿ ಹಾಡು ನಿಲ್ಲಿಸಿ, ಮೊದಲು ಕಾಸು ಆರಿಸ್ಕೊಂಡು ಆಮೇಲೆ ಹಾಡ್ತೀನಿ ಅಂದ. ಜನ ಬಿದ್ದು ಬಿದ್ದು ನಕ್ಕರು. ಆಮೇಲೆ ಅಮ್ಮನ ಹಾಡು ಹಾಡುವಾಗ, ಅವಳ ಸ್ವರ ಒಡೆದದ್ದನ್ನೂ ಹಾಗೇ ಅನುಕರಣೆ ಮಾಡಿಬಿಟ್ಟ. ಅಮ್ಮನಿಗೆ ನೋವಾಗುತ್ತೆ ಅಂತ ಆ ವಯಸ್ಸಿಗೆ ತಿಳಿಯುತ್ತಾ? ಜನ ಇನ್ನೂ ನಕ್ಕರು. ಮಗನ ಮೊದಲ ಹಾಡು ಅದು, ಅಮ್ಮನ ಹಾಡಿನ ಬದುಕು ಮುಗಿದದ್ದೂ ಆವತ್ತೇ. ಇದನ್ನು ಓದಿ ನಂಗೆ ನಗಬೇಕೋ ಅಳಬೇಕೋ ತಿಳೀಲಿಲ್ಲ. ಅವರ ಸಿನಿಮಾ ನೋಡಿದಾಗಲೂ ಹೀಗೇ ಆಗುತ್ತೆ.

ಹಸಿದ ರಾತ್ರಿಯ ಹಾರ್ಮೋನಿಯಂ

ಅಮ್ಮ ಬಟ್ಟೆ ಹೊಲಿದು ಮಕ್ಕಳನ್ನು ಸಾಕಿದಳು. ಸಾಲದೆ 1896ರಲ್ಲಿ ಮೂವರೂ ಬಡವರನ್ನು ಇಡುವ ಸರ್ಕಾರಿ ಆಶ್ರಮಕ್ಕೆ ಸೇರಬೇಕಾಯ್ತು. ಮಕ್ಕಳನ್ನು ಅಮ್ಮನಿಂದ ಬೇರೆ ಮಾಡಿ ಹ್ಯಾನ್‌ವೆಲ್ ಅನ್ನೋ ಕಡೆ ಅನಾಥರ ಶಾಲೆಗೆ ಕಳಿಸಿದರು. ಅಲ್ಲಿ ತಲೆಗೆ ಹುಳುಕಡ್ಡಿ ಆಗಿ ಚಾರ್ಲಿಯ ಕೂದಲು ಬೋಳಿಸಿದ್ರು. 1898ರಲ್ಲಿ ಅಮ್ಮನ ಮನಸ್ಸಿನ ಸ್ಥಿಮಿತ ತಪ್ಪಿ ಆಸ್ಪತ್ರೆಗೆ ಸೇರಿಸಿದರು. ಮಕ್ಕಳು ಸ್ವಲ್ಪ ದಿನ ಅಪ್ಪನ ಮನೆಯಲ್ಲಿದ್ದರು.

ಒಂದು ಶನಿವಾರ ಚಾರ್ಲಿ ಶಾಲೆ ಬಿಟ್ಟು ಮನೆಗೆ ಬಂದರೆ ಯಾರೂ ಇಲ್ಲ. ತಿನ್ನೋಕೂ ಏನೂ ಇಲ್ಲ. ಹಸಿದುಕೊಂಡು ಬೀದಿ ಸುತ್ತಿದ. ರಾತ್ರಿ ಕೆನಿಂಗ್ಟನ್ ಕ್ರಾಸ್ ಅನ್ನೋ ಚೌಕದಲ್ಲಿ ಒಬ್ಬನೇ ಕೂತಿದ್ದ. ದೀಪಗಳೆಲ್ಲ ಆರ್ತಾ ಇದ್ವು. ಆಗ ಮೂಲೆಯ ಹೆಂಡದಂಗಡಿ ಬಾಗಿಲಿನಿಂದ ಹಾರ್ಮೋನಿಯಂ ಮತ್ತು ಕ್ಲಾರಿಯೋನೆಟ್ ನಾದ ಕೇಳಿಸಿತು. ಯಾರೋ ಇಬ್ಬರು ನುಡಿಸ್ತಾ ಇದ್ರು. ಹಸಿವು, ಒಂಟಿತನ ಎಲ್ಲ ಮರೆತು ಹುಡುಗ ರಸ್ತೆ ದಾಟಿ ಹತ್ತಿರ ಹೋದ. ಸಂಗೀತದ ಸೊಬಗು ತನಗೆ ಮೊದಲು ತಿಳಿದದ್ದು ಅಲ್ಲೇ ಅಂತ ಚಾಪ್ಲಿನ್ ಅವರು ಎಪ್ಪತ್ತು ದಾಟಿದ ಮೇಲೂ ಮರೆಯದೆ ಬರೆದರು. ನಮ್ಮೂರ ಭಜನೆ ಮನೆಯಲ್ಲಿ ಕೇಳೋ ಹಾರ್ಮೋನಿಯಂ ಅಷ್ಟು ದೂರದ ಲಂಡನ್ನಿನ ಬೀದೀಲೂ ಒಬ್ಬ ಹುಡುಗನ ಕೈ ಹಿಡೀತು ನೋಡಿ!

ಮರದ ಬೂಟು ಮತ್ತು ಎಡಗೈ ಪಿಟೀಲು

ಒಂಬತ್ತನೇ ವರ್ಷಕ್ಕೇ ಚಾರ್ಲಿ ದುಡಿಯೋಕೆ ಹೊರಟ. ಎಂಟು ಹುಡುಗರ ಒಂದು ತಂಡ ಇತ್ತು. ಮರದ ಅಟ್ಟೆಯ ಬೂಟು ಹಾಕ್ಕೊಂಡು ನೆಲಕ್ಕೆ ತಾಳ ಹಾಕ್ತಾ ಕುಣಿಯೋದು ಅವರ ಕೆಲಸ. ಕಾಲಲ್ಲೇ ಮೃದಂಗ ನುಡಿಸಿದ ಹಾಗೆ! 1903ರಿಂದ ಷರ್ಲಾಕ್ ಹೋಮ್ಸ್ ನಾಟಕದಲ್ಲಿ ಬಿಲ್ಲಿ ಅನ್ನೋ ಆಳುಹುಡುಗನ ಪಾತ್ರ ಸಿಕ್ಕಿತು. ಅದೇ ವರ್ಷ ಅಮ್ಮ ಮತ್ತೆ ಆಸ್ಪತ್ರೆ ಸೇರಿದಳು.

ಹದಿನಾರನೇ ವರ್ಷದಿಂದ ಚಾರ್ಲಿ ಪಿಟೀಲು ಹಿಡಿದ. ದಿನಕ್ಕೆ ನಾಲ್ಕರಿಂದ ಆರು ತಾಸು ಕೋಣೆಯಲ್ಲಿ ಕೂತು ಅಭ್ಯಾಸ ಮಾಡ್ತಿದ್ದ. ವಾರ ವಾರ ಹೊಸ ಊರು, ಹೊಸ ನಾಟಕಶಾಲೆ. ಹೋದ ಕಡೆ ಅಲ್ಲಿಯ ವಾದ್ಯದವರ ಹತ್ತಿರವೋ ಅವರು ಹೇಳಿದವರ ಹತ್ತಿರವೋ ಪಾಠ ಹೇಳಿಸ್ಕೊಳ್ತಿದ್ದ. ಅವನು ಎಡಚ. ಆದ್ದರಿಂದ ಪಿಟೀಲಿನ ತಂತಿಗಳನ್ನೂ ಒಳಗಿನ ಮರದ ಪಟ್ಟಿಯನ್ನೂ ತಿರುಗಾಮುರುಗಾ ಹಾಕಿಸಿಕೊಂಡಿದ್ದ. ದೊಡ್ಡ ಪಿಟೀಲು ವಿದ್ವಾಂಸ ಆಗಬೇಕು ಅಂತ ಆಸೆ ಇತ್ತು. ಆದರೆ ಅಷ್ಟು ಎತ್ತರಕ್ಕೆ ಏರೋದು ತನ್ನಿಂದ ಆಗಲ್ಲ ಅಂತ ಅನ್ನಿಸಿದಾಗ ಆ ಆಸೆ ಬಿಟ್ಟರು. ಪಿಟೀಲನ್ನು ಮಾತ್ರ ಬಿಡಲಿಲ್ಲ.

1908ರಲ್ಲಿ ಫ್ರೆಡ್ ಕಾರ್ನೊ ಅವರ ಹಾಸ್ಯ ಕಂಪನಿ ಸೇರಿದರು. 1909ರಲ್ಲಿ ಕಂಪನಿ ಪ್ಯಾರಿಸ್‌ಗೆ ಹೋಗಿತ್ತು. ಆಟ ನೋಡಿದ ಒಬ್ಬ ದೊಡ್ಡ ಮನುಷ್ಯರು ಹುಡುಗನನ್ನು ಕರೆಸಿ, ನೀನು ಹುಟ್ಟಾ ಸಂಗೀತಗಾರ ಮತ್ತು ನರ್ತಕ ಅಂತ ಹೊಗಳಿದರು. ಅವರು ಫ್ರಾನ್ಸಿನ ಹೆಸರಾಂತ ಸಂಗೀತಗಾರ ಡೆಬ್ಯುಸಿ. ಚಾಪ್ಲಿನ್‌ಗೆ ಆಗ ಅವರು ಯಾರು ಅಂತಲೇ ಗೊತ್ತಿರಲಿಲ್ಲ!

ಮೂಕಿ ಚಿತ್ರ ಮತ್ತು ಮೂರು ಪ್ರತಿ

ಕಾರ್ನೊ ಕಂಪನಿ ಜೊತೆ ಅಮೆರಿಕಾಕ್ಕೆ ಹೋದವರು ಅಲ್ಲೇ ಸಿನಿಮಾ ಸೇರಿದರು. 1914ರಲ್ಲಿ ಆ ಟೋಪಿ ಬೆತ್ತದ ಅಲೆಮಾರಿ ವೇಷ ಮೊದಲ ಸಲ ಪರದೆ ಮೇಲೆ ಬಂತು. ಆಗ ವಾರಕ್ಕೆ 150 ಡಾಲರ್ ಸಂಬಳ. ಎರಡೇ ವರ್ಷದಲ್ಲಿ, 1916ಕ್ಕೆ, ವಾರಕ್ಕೆ 10,000 ಡಾಲರ್ ಆಯ್ತು! ಅದೇ ವರ್ಷ 'ದಿ ವ್ಯಾಗಬಾಂಡ್' ಚಿತ್ರದಲ್ಲಿ ಬೀದಿ ಪಿಟೀಲುಗಾರನಾಗಿ ನಟಿಸಿದರು. ಎಡಗೈಯಲ್ಲಿ ಕಮಾನು ಹಿಡಿದು ನುಡಿಸೋದನ್ನು ಅದರಲ್ಲಿ ನೋಡಬಹುದು.

1916ರಲ್ಲೇ ಅವರು ಹಾಡುಗಳನ್ನು ಅಚ್ಚು ಹಾಕುವ ಒಂದು ಕಂಪನಿ ತೆರೆದರು. 2,000 ಪ್ರತಿ ಅಚ್ಚಾಯ್ತು. ಮಾರಾಟ ಆದದ್ದು ಮೂರೋ ಏನೋ ಅಂತ ಅವರೇ ತಮಾಷೆ ಮಾಡ್ಕೊಂಡಿದ್ದಾರೆ. ಜಗತ್ತೇ ಮೆಚ್ಚಿದ ನಟನ ಹಾಡನ್ನು ಆಗ ಯಾರೂ ಕೊಳ್ಳಲಿಲ್ಲ.

ಅಂದಿನ ಚಿತ್ರಗಳಲ್ಲಿ ಧ್ವನಿಯೇ ಇರಲಿಲ್ಲ. ಟಾಕೀಸಿನಲ್ಲಿ ಪರದೆ ಮುಂದೆ ಕೂತು ಯಾರೋ ಪಿಯಾನೋ ನುಡಿಸುವರು. ದೊಡ್ಡ ಊರಾದರೆ ವಾದ್ಯ ಮೇಳ. ಹಾಗಾಗಿ ಒಂದೇ ಸಿನಿಮಾಕ್ಕೆ ಊರಿಗೊಂದು ಸಂಗೀತ! ತಾನು ಅಳಿಸಬೇಕು ಅಂದ್ಕೊಂಡ ಕಡೆ ಅಲ್ಲಿಯವರು ಕುಣಿತದ ಮಟ್ಟು ನುಡಿಸಿದರೆ ನಟ ಏನು ಮಾಡೋಕಾಗುತ್ತೆ?

ಮಾತು ಬೇಡ, ಸಂಗೀತ ಬೇಕು

1927ರ ನಂತರ ಮಾತಾಡುವ ಚಿತ್ರಗಳು ಬಂದವು. ಎಲ್ಲರೂ ಮಾತಿನ ಹಿಂದೆ ಓಡಿದರು. ಚಾಪ್ಲಿನ್ ಮಾತ್ರ ತಮ್ಮ ಅಲೆಮಾರಿ ಮಾತಾಡಬಾರದು ಅಂತ ಹಟ ಹಿಡಿದರು. ಆದರೆ ಹೊಸ ಯಂತ್ರದಿಂದ ಒಂದು ಉಪಕಾರ ಪಡೆದರು. ಫಿಲ್ಮಿನ ಜೊತೆಗೇ ಸಂಗೀತ ಸೇರಿಸಬಹುದಲ್ವಾ? ಆಗ ಎಲ್ಲ ಊರಲ್ಲೂ ಒಂದೇ ಸಂಗೀತ ಕೇಳುತ್ತೆ. 1931ರ ಜನವರಿಯಲ್ಲಿ ಬಂದ 'ಸಿಟಿ ಲೈಟ್ಸ್' ಚಿತ್ರಕ್ಕೆ ಅವರೇ ಸಂಗೀತ ಕಟ್ಟಿದರು. ಹೂ ಮಾರುವ ಹುಡುಗಿಗೆ ಬರುವ ಒಂದು ಮಟ್ಟು ಮಾತ್ರ ಬೇರೆಯವರದು.

ಚಾಪ್ಲಿನ್‌ಗೆ ಸ್ವರಲಿಪಿ ಓದೋಕೂ ಬರೆಯೋಕೂ ಬರ್ತಿರಲಿಲ್ಲ. ಬಾಯಲ್ಲಿ ಗುನುಗಿ, ಪಿಯಾನೋ ಮೇಲೆ ನುಡಿಸಿ ತೋರಿಸುವರು. ಕಲಿತವರು ಪಕ್ಕದಲ್ಲಿ ಕೂತು ಬರೆದುಕೊಳ್ಳುವರು. ಬರೆದದ್ದನ್ನು ಕೇಳಿ, ಹೀಗಲ್ಲ ಹಾಗೆ ಅಂತ ಮತ್ತೆ ತಿದ್ದಿಸುವರು. ಆ ಕಲಿತವರು ಹಾಸ್ಯ ಚಿತ್ರಕ್ಕೆ ಹಾಸ್ಯದ ಸಂಗೀತವೇ ಇರಲಿ ಅಂದರು. ಚಾಪ್ಲಿನ್ ಒಪ್ಪಲಿಲ್ಲ. ಅಲೆಮಾರಿ ಬಿದ್ದು ಎದ್ದು ನಗಿಸ್ತಾ ಇರಲಿ, ಸಂಗೀತ ಮಾತ್ರ ಮೃದುವಾಗಿ, ಘನತೆಯಿಂದ ಇರಬೇಕು ಅಂದರು. ಅದಕ್ಕೇ ಅವನು ಹರಿದ ಬಟ್ಟೆಯಲ್ಲಿದ್ರೂ ನಮಗೆ ಕೀಳಾಗಿ ಕಾಣಲ್ಲ.

ಆ ಚಿತ್ರದಲ್ಲಿ ಹೂ ಮಾರುವ ಹುಡುಗಿ ಕುರುಡಿ. ಕಾರಿನ ಬಾಗಿಲು ಮುಚ್ಚಿದ ಸದ್ದು ಕೇಳಿ, ಎದುರಿಗಿರೋನು ಸಾಹುಕಾರ ಅಂದ್ಕೊಳ್ತಾಳೆ. ಇಡೀ ಕತೆ ನಿಂತಿರೋದೇ ಆ ಒಂದು ಸದ್ದಿನ ಮೇಲೆ. ಮಾತಿಲ್ಲದ ಚಿತ್ರದಲ್ಲಿ ಸದ್ದಿನ ಕತೆ! ಕೊನೆಗೆ ಕಣ್ಣು ಬಂದ ಮೇಲೂ ಅವಳು ಅವನ ಗುರುತು ಹಿಡಿಯೋದು ಕೈ ಮುಟ್ಟಿ. ಇದನ್ನು ಮಗನ ಜೊತೆ ಕೂತು ನೋಡೋಕೆ ಅಮ್ಮ ಹ್ಯಾನಾ ಇರಲಿಲ್ಲ. ಮಕ್ಕಳು 1921ರಲ್ಲಿ ಅವಳನ್ನು ಅಮೆರಿಕಾಕ್ಕೆ ಕರೆಸಿಕೊಂಡು ನೋಡಿಕೊಂಡಿದ್ದರು. 1928ರಲ್ಲಿ ಅವಳು ತೀರಿಕೊಂಡಿದ್ದಳು.

1931ರ ಸೆಪ್ಟೆಂಬರಿನಲ್ಲಿ ಚಾಪ್ಲಿನ್ ಲಂಡನ್ನಿನಲ್ಲಿ ನಮ್ಮ ಗಾಂಧೀಜಿಯವರನ್ನು ಕಂಡು ಯಂತ್ರಗಳ ಬಗ್ಗೆ ಮಾತಾಡಿದರು. 1936ರಲ್ಲಿ ಬಂದ 'ಮಾಡರ್ನ್ ಟೈಮ್ಸ್' ಚಿತ್ರದಲ್ಲಿ ಕಾರ್ಖಾನೆ ಯಂತ್ರಕ್ಕೆ ಸಿಕ್ಕಿಕೊಂಡ ಮನುಷ್ಯನ ಪಾಡು ಇದೆ. ಅಲೆಮಾರಿಯ ಧ್ವನಿಯನ್ನು ಜನ ಮೊದಲ ಸಲ ಕೇಳಿದ್ದು ಇದರಲ್ಲೇ. ಅದೂ ಹೇಗೆ ಗೊತ್ತಾ? ಹಾಡಿನ ಸಾಲುಗಳನ್ನು ಅಂಗಿಯ ಕೈಪಟ್ಟಿ ಮೇಲೆ ಬರ್ಕೊಂಡಿರ್ತಾನೆ. ಕುಣಿಯೋ ಭರದಲ್ಲಿ ಪಟ್ಟಿ ಹಾರಿಹೋಗುತ್ತೆ! ಆಗ ಅರ್ಥವೇ ಇಲ್ಲದ ಮಾತುಗಳನ್ನು ಸೇರಿಸಿ ಹಾಡಿಬಿಡ್ತಾನೆ. ಹಾಡಿನ ಅರ್ಥ ಅವನ ಕೈ, ಕಣ್ಣು, ಮೀಸೆಯಲ್ಲೇ ತಿಳಿಯುತ್ತೆ. ಈ ಚಿತ್ರದ ಒಂದು ಮಟ್ಟಿಗೆ 1954ರಲ್ಲಿ ಬೇರೆಯವರು ಪದ ಬರೆದರು. 'ಸ್ಮೈಲ್' ಅನ್ನೋ ಹೆಸರಿನಲ್ಲಿ ಅದು ಲೋಕಪ್ರಸಿದ್ಧ ಆಯ್ತು. ಮೂರು ಪ್ರತಿ ಹೋಗದ ಕಾಲ ಮುಗಿದಿತ್ತು.

1940ರ 'ದಿ ಗ್ರೇಟ್ ಡಿಕ್ಟೇಟರ್' ಚಿತ್ರದಲ್ಲಿ ಹಿಟ್ಲರನನ್ನು ಅಣಕಿಸಿದರು. ಅದರಲ್ಲಿ ಸರ್ವಾಧಿಕಾರಿ ಬಲೂನಿನಂಥ ಭೂಗೋಳದ ಜೊತೆ ಕುಣಿಯೋದು ವ್ಯಾಗ್ನರ್ ಸಂಗೀತಕ್ಕೆ. ಬಡ ಕ್ಷೌರಿಕ ಗಿರಾಕಿಯ ಗಡ್ಡ ಹೆರೆಯೋದು ಬ್ರಾಮ್ಸ್ ಅವರ ಸಂಗೀತಕ್ಕೆ, ಕತ್ತಿಯ ಒಂದೊಂದು ಎಳೆತವೂ ತಾಳಕ್ಕೆ ಸರಿಯಾಗಿ! ಎರಡು ಪಾತ್ರವೂ ಚಾಪ್ಲಿನ್ ಅವರದೇ.

ತಡವಾಗಿ ಬಂದ ಬಹುಮಾನ

1952ರಲ್ಲಿ 'ಲೈಮ್‌ಲೈಟ್' ಸಿದ್ಧವಾಯ್ತು. ಒಂದು ಕಾಲಕ್ಕೆ ಹೆಸರಾಗಿದ್ದ ಹಾಸ್ಯಗಾರನೊಬ್ಬ ಮುದುಕನಾದ ಮೇಲೆ ಜನಕ್ಕೆ ಬೇಡವಾಗುವ ಕತೆ ಅದು. ಕೊನೆಯಲ್ಲಿ ಚಾಪ್ಲಿನ್ ಪಿಟೀಲು ಹಿಡಿದು, ಇನ್ನೊಬ್ಬ ಮೂಕಿ ಚಿತ್ರದ ನಟ ಬಸ್ಟರ್ ಕೀಟನ್ ಪಿಯಾನೋ ಮುಂದೆ ಕೂತು ನಗಿಸುತ್ತಾರೆ. ಆ ಮುದುಕ ಸಾಯುವಾಗ ಅವನು ಬೆಳೆಸಿದ ಹುಡುಗಿ ವೇದಿಕೆ ಮೇಲೆ ಕುಣಿಯುತ್ತಾ ಇರುತ್ತಾಳೆ. ಗಂಟಲು ಒಡೆದ ಅಮ್ಮನೇ ನನಗೆ ಆ ಮುದುಕನಲ್ಲಿ ಕಂಡಳು.

ಆ ಚಿತ್ರ ತೋರಿಸೋಕೆ ಹೆಂಡತಿ ಮಕ್ಕಳ ಜೊತೆ ಹಡಗಿನಲ್ಲಿ ಲಂಡನ್ನಿಗೆ ಹೋಗ್ತಿದ್ದಾಗ, ಅಮೆರಿಕಾ ಸರ್ಕಾರ ಅವರು ವಾಪಸ್ ಬರುವ ಪರವಾನಗಿಯನ್ನು ರದ್ದು ಮಾಡಿತು. ಅವರು ಕಮ್ಯುನಿಸ್ಟರ ಕಡೆಯವರು ಅಂತ ಅನುಮಾನ. 1953ರಿಂದ ಸ್ವಿಟ್ಜರ್‌ಲೆಂಡಿನಲ್ಲಿ ನೆಲೆಸಿದರು. ಇಪ್ಪತ್ತು ವರ್ಷದ ಮೇಲೆ, 1972ರಲ್ಲಿ, ಅದೇ ಅಮೆರಿಕಾ ಗೌರವ ಆಸ್ಕರ್ ಕೊಡೋಕೆ ಕರೆಯಿತು. ಸಭೆಯವರೆಲ್ಲ ಎದ್ದು ನಿಂತು 12 ನಿಮಿಷ ಚಪ್ಪಾಳೆ ಹೊಡೆದರು. ಲಾಸ್ ಏಂಜಲೀಸ್‌ನಲ್ಲಿ 'ಲೈಮ್‌ಲೈಟ್' ತೆರೆ ಕಂಡದ್ದೂ ಆ ವರ್ಷವೇ. ಆದ್ದರಿಂದ ಹಳೇ ಚಿತ್ರವಾದರೂ ಸ್ಪರ್ಧೆಗೆ ಬಂತು, 1973ರಲ್ಲಿ ಅದರ ಸಂಗೀತಕ್ಕೆ ಆಸ್ಕರ್ ಬಂತು. ಜೊತೆಗಿದ್ದ ರೇಮಂಡ್ ರಾಷ್ ಮತ್ತು ಲ್ಯಾರಿ ರಸೆಲ್ ಅವರಿಗೂ ಬಂತು, ಆದರೆ ಅವರಿಬ್ಬರೂ ಅಷ್ಟು ಹೊತ್ತಿಗೆ ತೀರಿಕೊಂಡಿದ್ದರು. ಗೌರವಕ್ಕೆ ಅಂತ ಕೊಟ್ಟದ್ದನ್ನು ಬಿಟ್ಟರೆ, ಸ್ಪರ್ಧೆಯಲ್ಲಿ ಚಾಪ್ಲಿನ್ ಗೆದ್ದ ಆಸ್ಕರ್ ಇದೊಂದೇ. ನಟನೆಗಲ್ಲ, ಸಂಗೀತಕ್ಕೆ!

ಮುದಿ ವಯಸ್ಸಿನಲ್ಲಿ ಅವರು ಸುಮ್ಮನೆ ಕೂರಲಿಲ್ಲ. ತಮ್ಮ ಹಳೇ ಮೂಕಿ ಚಿತ್ರಗಳಿಗೆ ಒಂದೊಂದಾಗಿ ಸಂಗೀತ ಕಟ್ಟಿದರು. 'ದಿ ಸರ್ಕಸ್' ಚಿತ್ರದ ಮೊದಲಿಗೆ ಬರುವ ಹಾಡನ್ನು 80 ವರ್ಷ ಹತ್ತಿರ ಆದಾಗ ತಾವೇ ಹಾಡಿದರು. 'ದಿ ಕಿಡ್' ಚಿತ್ರಕ್ಕೆ 1971ರಲ್ಲಿ ಸಂಗೀತ ಮಾಡಿದರು. 1923ರ 'ಎ ವುಮನ್ ಆಫ್ ಪ್ಯಾರಿಸ್' ಚಿತ್ರಕ್ಕೆ 1976ರಲ್ಲಿ ಮುಗಿಸಿದ ಸಂಗೀತವೇ ಕೊನೆಯ ಕೆಲಸ. ಆಗ ಅವರಿಗೆ 87 ವರ್ಷ. 1975ರಲ್ಲಿ ಇಂಗ್ಲೆಂಡಿನ ರಾಣಿ ಸರ್ ಪದವಿ ಕೊಟ್ಟಿದ್ದರು. 1977ರ ಡಿಸೆಂಬರ್ 25, ಕ್ರಿಸ್ಮಸ್ ದಿನ, ಚಾಪ್ಲಿನ್ ತೀರಿಕೊಂಡರು.

ಗೆಳೆಯರೇ, ಚಾಪ್ಲಿನ್‌ಗೆ ಸಂಗೀತ ಸಿಕ್ಕಿದ್ದು ದೊಡ್ಡ ಶಾಲೆಯಲ್ಲಿ ಅಲ್ಲ. ಅಮ್ಮನ ಬಾಯಿಂದ, ಬೀದಿಯ ಹಾರ್ಮೋನಿಯಂನಿಂದ, ಊರೂರ ನಾಟಕದ ವಾದ್ಯದವರಿಂದ. ಕೇಳುವ ಕಿವಿ ಇದ್ರೆ ಎಲ್ಲಿ ಬೇಕಾದ್ರೂ ಸಿಗುತ್ತೆ ಅಂತ ನನ್ನ ಅನಿಸಿಕೆ. ಇನ್ನು ಮುಂದೆ ಅವರ ಸಿನಿಮಾ ನೋಡುವಾಗ ನಗ್ರಿ, ಆದರೆ ಹಿಂದೆ ಬರೋ ಸಂಗೀತಕ್ಕೂ ಸ್ವಲ್ಪ ಕಿವಿ ಕೊಡಿ.



7ನೇ ತರಗತಿ