ಬೆತ್ತದ ಪೆಟ್ಟಿಗೆಯಲ್ಲಿ ಘಟ್ಟ ಇಳಿದ ಮಗು: ಪಂಡಿತಾ ರಮಾಬಾಯಿ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಗೆ ಒಂದು ಲೇಖನ ಬೇಕು ಎಂದು ಗುರುಗಳು ಫೋನ್ ಮಾಡಿದಾಗ, ಕಂಪ್ಯೂಟರಿನ ಬಗ್ಗೆ ಏನಾದರೂ ಬರೆಯುವೆನೆಂದು ಅವರು ಭಾವಿಸಿದ್ದರು. ಆದರೆ ನನಗೆ ಬರೆಯಬೇಕೆನಿಸಿದ್ದು ನಮ್ಮ ಕಡೆಯ ಘಟ್ಟದಲ್ಲಿಯೇ ಹುಟ್ಟಿ, ದೇಶವಿದೇಶಗಳಲ್ಲಿ ಹೆಸರಾದರೂ ನಮ್ಮಲ್ಲಿ ಅನೇಕರಿಗೆ ಅಷ್ಟಾಗಿ ಗೊತ್ತಿಲ್ಲದ ಒಬ್ಬ ತಾಯಿಯ ಬಗ್ಗೆ. ಕಾರ್ಕಳದಿಂದ ಮಾಳ ಘಾಟಿ ಹತ್ತಿ ಶೃಂಗೇರಿಗೆ ಹೋಗುವ ಬಸ್ಸಿನಲ್ಲಿ ನಾವೆಲ್ಲರೂ ಕುಳಿತವರೇ. ಆ ಕಾಡಿನ ಸೆರಗಿನಲ್ಲಿರುವ ಗಂಗಾಮೂಲ ತುಂಗಾ, ಭದ್ರಾ, ನೇತ್ರಾವತಿ ನದಿಗಳ ಉಗಮಸ್ಥಾನವೆಂದು ಸಮಾಜ ಪಾಠದಲ್ಲಿ ಓದಿದ್ದೇವೆ. 1858ರ ಏಪ್ರಿಲ್ 23ರಂದು ಅಲ್ಲಿ ಒಂದು ಹೆಣ್ಣು ಮಗುವೂ ಹುಟ್ಟಿತು ಎಂಬುದನ್ನು ಮಾತ್ರ ನಾನು ಓದಿದ್ದು ಎಂಜಿನಿಯರಿಂಗ್ ಮುಗಿಸಿದ ಮೇಲೆ.

ರಮಾಬಾಯಿಯವರ ತಂದೆ ಅನಂತ ಶಾಸ್ತ್ರಿ ಡೋಂಗ್ರೆಯವರು ಮಾಳದ ಕಡೆಯ ಚಿತ್ಪಾವನ ಮನೆತನದವರು. ಪುಣೆಯಲ್ಲಿ ಓದುತ್ತಿದ್ದಾಗ ತಮ್ಮ ಗುರುಗಳು ಪೇಶ್ವೆಯ ಪತ್ನಿಗೆ ಸಂಸ್ಕೃತ ಹೇಳಿಕೊಡುವುದನ್ನು ಅವರು ಕಂಡಿದ್ದರು. ತಮ್ಮ ಮನೆಯ ಹೆಂಗಸರೂ ಓದಬೇಕೆಂಬ ಆಸೆ ಅಂದೇ ಮೂಡಿತು. ಮೊದಲ ಪತ್ನಿಗೆ ಓದಿನಲ್ಲಿ ಮನಸ್ಸಿರಲಿಲ್ಲ. ಆಕೆ ತೀರಿಕೊಂಡ ಮೇಲೆ ಕೈಹಿಡಿದ ಲಕ್ಷ್ಮೀಬಾಯಿಗೆ ಶಾಸ್ತ್ರಿಗಳು ಸಂಸ್ಕೃತ ಕಲಿಸತೊಡಗಿದರು. ಮನೆಯ ಹಿರಿಯರು ವಿರೋಧಿಸಿದರು, ಊರಿನವರು ಆಡಿಕೊಂಡರು. ಉಡುಪಿಯಲ್ಲಿ ವಿದ್ವಾಂಸರ ಸಭೆಯ ಮುಂದೆ ನಿಂತು, ಹೆಣ್ಣಿಗೆ ಸಂಸ್ಕೃತ ಕಲಿಸುವುದು ಶಾಸ್ತ್ರಕ್ಕೆ ವಿರುದ್ಧವಲ್ಲ ಎಂದು ಅವರು ಸಮರ್ಥಿಸಿಕೊಳ್ಳಬೇಕಾಯಿತು.

ಊರಿನ ಗೊಡವೆಯೇ ಬೇಡವೆಂದು ಶಾಸ್ತ್ರಿಗಳು ಹೆಂಡತಿಯೊಡನೆ ಗಂಗಾಮೂಲದ ಕಾಡು ಸೇರಿದರು. ಮೊದಲ ರಾತ್ರಿ ತಲೆಯ ಮೇಲೆ ಸೂರೂ ಇರಲಿಲ್ಲವಂತೆ. ಹುಲಿಯ ಗರ್ಜನೆ ಕೇಳಿ ಎಳೆಯ ಹುಡುಗಿ ಹೊದಿಕೆಯಲ್ಲಿ ಮುದುಡಿ ಮಲಗಿದ್ದರೆ ಶಾಸ್ತ್ರಿಗಳು ಬೆಳಗಿನವರೆಗೆ ಕಾವಲು ಕುಳಿತಿದ್ದರಂತೆ. ಮುಂದೆ ಅಲ್ಲಿ ಮನೆ ಎದ್ದಿತು, ವಿದ್ಯಾರ್ಥಿಗಳು ಬಂದರು. ಬಂದವರಿಗೆಲ್ಲ ಊಟ ಹಾಕಿ ಸಾಲವೂ ಬೆಳೆಯಿತು. ಕೊನೆಗೆ ರಮಾಬಾಯಿ ಆರು ತಿಂಗಳ ಕೂಸಾಗಿದ್ದಾಗ ಕುಟುಂಬ ತೀರ್ಥಯಾತ್ರೆಗೆ ಹೊರಟಿತು. ಕೂಸನ್ನು ಬೆತ್ತದ ದೊಡ್ಡ ಪೆಟ್ಟಿಗೆಯಲ್ಲಿ ಮಲಗಿಸಿ ಘಟ್ಟ ಇಳಿಸಿದರು. ಆ ಯಾತ್ರೆ ಮುಗಿಯಲೇ ಇಲ್ಲ. ಕ್ಷೇತ್ರದಿಂದ ಕ್ಷೇತ್ರಕ್ಕೆ ನಡೆಯುವುದು, ದೇವಸ್ಥಾನದ ಜಗಲಿಯಲ್ಲಿ ಪುರಾಣ ಓದುವುದು, ಕೇಳಿದವರು ಕೊಟ್ಟ ಅಕ್ಕಿ, ಹಣ್ಣು, ಕಾಸಿನಲ್ಲಿ ಬದುಕುವುದು, ಇದೇ ಅವರ ಜೀವನವಾಯಿತು. ರಮಾಬಾಯಿಗೆ ತಾಯಿಯೇ ಗುರು. ದಾರಿಯಲ್ಲೇ ಪಾಠ, ದಾರಿಯಲ್ಲೇ ಪರೀಕ್ಷೆ. ಭಾಗವತದ 18,000 ಶ್ಲೋಕಗಳು ಬಾಲಕಿಯ ಬಾಯಲ್ಲಿದ್ದವು.

1870ರ ದಶಕದಲ್ಲಿ ದಕ್ಷಿಣದಲ್ಲಿ ಬರ ಬಿತ್ತು. ಜನರಿಗೇ ಅನ್ನವಿಲ್ಲದಿದ್ದಾಗ ಪುರಾಣ ಕೇಳುವವರು ಯಾರು? ಶಾಸ್ತ್ರಿಗಳಿಗೆ ವಯಸ್ಸಾಗಿತ್ತು, ಕಣ್ಣು ಮಂಜಾಗಿತ್ತು. ಕುಟುಂಬ ಒಡವೆ ಮಾರಿತು, ಪಾತ್ರೆ ಮಾರಿತು, ಒಳ್ಳೆಯ ಬಟ್ಟೆಗಳನ್ನೂ ಮಾರಿತು. ಆದರೂ ವ್ರತ ಬಿಡಲಿಲ್ಲ, ದಾನ ಬಿಡಲಿಲ್ಲ. ಇಷ್ಟೆಲ್ಲ ಮಾಡಿದರೆ ದೇವರು ಕೈಬಿಡುವುದಿಲ್ಲ ಎಂಬುದು ಅವರ ನಂಬಿಕೆ. ಹಣ ಮುಗಿಯಿತು, ಅಕ್ಕಿ ಮುಗಿಯಿತು. ಕೂಲಿ ಮಾಡಲು ಗೊತ್ತಿರಲಿಲ್ಲ, ಬೇಡಲು ಮನಸ್ಸು ಒಪ್ಪಲಿಲ್ಲ. ಕಾಡು ಸೇರಿ ಎಲೆ ತಿಂದು ದಿನಗಳನ್ನು ನೂಕಿದರು. ಶಾಸ್ತ್ರಿಗಳು ನೀರಿಗಿಳಿದು ಪ್ರಾಣ ಬಿಡಲು ಸಿದ್ಧರಾದಾಗ ಮಗ ಶ್ರೀನಿವಾಸ ತಡೆದ. ತಾನು ಕೂಲಿ ಮಾಡಿಯಾದರೂ ಎಲ್ಲರನ್ನೂ ಸಾಕುವೆನೆಂದು ಮಾತು ಕೊಟ್ಟ. ಆದರೆ ತಂದೆಯ ದೇಹದಲ್ಲಿ ತ್ರಾಣ ಉಳಿದಿರಲಿಲ್ಲ. ಕೊನೆಯ ಗಳಿಗೆಯಲ್ಲಿ ಕಿರಿಯ ಮಗಳನ್ನು ಹತ್ತಿರ ಕರೆದು, ಆಕೆಯನ್ನು ದೇವರ ಕೈಗೆ ಒಪ್ಪಿಸಿರುವುದಾಗಿಯೂ ಆತನನ್ನು ಮರೆಯಬಾರದೆಂದೂ ಹೇಳಿದರು. ಹೊರಲು ಜನ ಸಿಗದೆ ಮಗನೊಬ್ಬನೇ ತಂದೆಯ ದೇಹವನ್ನು ಹೆಗಲ ಮೇಲೆ ಹೊತ್ತು ನಡೆದ.

ಕೆಲವೇ ತಿಂಗಳಲ್ಲಿ ತಾಯಿಯ ಸರದಿ. ಜ್ವರದಲ್ಲಿದ್ದ ತಾಯಿ ಒಂದು ತುಂಡು ಸಜ್ಜೆ ರೊಟ್ಟಿ ಕೇಳಿದರು. ರಮಾಬಾಯಿ ನೆರೆಮನೆಯ ಬಾಗಿಲಿಗೆ ಹೋಗಿ ನಿಂತರು. ಸಾವಿರಾರು ಶ್ಲೋಕ ಬಲ್ಲ ಬಾಯಿಗೆ ರೊಟ್ಟಿ ಬೇಡುವ ಮಾತು ಬರಲಿಲ್ಲ. ಆ ಮನೆಯಾಕೆ ಮುಖ ನೋಡಿಯೇ ಅರಿತು ರೊಟ್ಟಿ ಕೊಟ್ಟಳು. ತಂದಾಗ ಅದನ್ನು ತಿನ್ನುವ ಶಕ್ತಿ ತಾಯಿಗೆ ಇರಲಿಲ್ಲ. ಆಕೆಯ ಚಟ್ಟಕ್ಕೆ ಮಗಳೂ ಹೆಗಲು ಕೊಡಬೇಕಾಯಿತು. ಎತ್ತರ ಸಾಲದೆ ರಮಾಬಾಯಿ ಅದನ್ನು ತಲೆಯ ಮೇಲೆ ಹೊತ್ತು ನಡೆದರು. ಮುಂದೆ ಅಕ್ಕ ಕೃಷ್ಣಾಬಾಯಿಯೂ ಹೋದರು. ಉಳಿದವರು ಅಣ್ಣ ತಂಗಿ ಇಬ್ಬರೇ.

ಈ ಭಾಗವನ್ನು ಓದುವಾಗ ಯಾರಿಗಾದರೂ ಒಂದು ಪ್ರಶ್ನೆ ಬಾರದೆ ಇರದು. ಅಷ್ಟು ವ್ರತ ಮಾಡಿದವರನ್ನು ದೇವರೇಕೆ ಕಾಯಲಿಲ್ಲ? ಈ ಪ್ರಶ್ನೆ ರಮಾಬಾಯಿಯವರನ್ನೂ ಕಾಡಿತು. ಅವರು ಅದನ್ನು ಮುಚ್ಚಿಡಲಿಲ್ಲ. ಅಣ್ಣ ತಂಗಿ ಕಾಲ್ನಡಿಗೆಯಲ್ಲಿ ಸಾವಿರಾರು ಮೈಲಿ ಸುತ್ತಿದರು, ಕಾಶ್ಮೀರದವರೆಗೂ ಹೋದರು. ಝೇಲಂ ನದಿಯ ದಡದಲ್ಲಿ ಚಳಿ ತಡೆಯಲಾರದೆ ಮರಳಿನಲ್ಲಿ ಎರಡು ಗುಂಡಿ ತೋಡಿ, ಕತ್ತಿನವರೆಗೆ ಮರಳು ಎಳೆದುಕೊಂಡು ಮಲಗಿದ ರಾತ್ರಿಗಳಿದ್ದವು. ಹೀಗೆ ನಡೆಯುತ್ತ ನಡೆಯುತ್ತ, ಕೊಟ್ಟಷ್ಟು ಪಡೆಯುವ ವ್ಯಾಪಾರದಂಥ ಭಕ್ತಿಯಲ್ಲಿ ಅವರ ವಿಶ್ವಾಸ ಕಳಚಿಬಿತ್ತು.

1878ರಲ್ಲಿ ಇಬ್ಬರೂ ಕಲ್ಕತ್ತೆ ತಲುಪಿದರು. ಅಲ್ಲಿನ ವಿದ್ವಾಂಸರು ಇಪ್ಪತ್ತು ವರ್ಷದ ಯುವತಿಯನ್ನು ಪರೀಕ್ಷಿಸಿ ಬೆರಗಾದರು. ಪಂಡಿತಾ ಎಂದೂ ಸರಸ್ವತಿ ಎಂದೂ ಬಿರುದು ಕೊಟ್ಟರು. ಬಂಗಾಳದ ಊರೂರುಗಳಲ್ಲಿ ಅವರು ಹೆಣ್ಣುಮಕ್ಕಳ ಶಿಕ್ಷಣದ ಬಗ್ಗೆ ಭಾಷಣ ಮಾಡಿದರು. ದಿನಗಳು ತಿರುಗಿದವು ಎನ್ನುವಾಗಲೇ, 1880ರಲ್ಲಿ ಅಣ್ಣ ಢಾಕಾದಲ್ಲಿ ಕಾಯಿಲೆ ಬಿದ್ದರು. ತಾನು ಹೋದರೆ ತಂಗಿಗೆ ಯಾರು ಗತಿ ಎಂಬುದೇ ಅವರ ಚಿಂತೆ. ನಮ್ಮಿಬ್ಬರನ್ನೂ ನೋಡಿಕೊಳ್ಳಲು ದೇವರ ಹೊರತು ಇನ್ನಾರಿದ್ದಾರೆ ಎಂದು ರಮಾಬಾಯಿ ಹೇಳಿದರು. ಹಾಗಾದರೆ ತನಗೆ ಹೆದರಿಕೆಯಿಲ್ಲ ಎಂದು ಅಣ್ಣ ಸಮಾಧಾನಪಟ್ಟರು. ಅಣ್ಣ ಹೋದ ಮೇಲೆ, ಆ ಒಂಟಿತನದ ನಡುವೆ, ದೇವರು ತನ್ನ ಹತ್ತಿರವೇ ಇದ್ದಾನೆ ಎಂದು ಅವರಿಗೆ ಅನಿಸಿತಂತೆ. ನನಗೆ ಮುಖ್ಯವಾಗಿ ಕಾಣುವುದು ಇದೇ. ಆಗ ಅವರ ಕೈಯಲ್ಲಿ ದೇವರಿಗೆ ಕೊಡಲು ಏನೂ ಉಳಿದಿರಲಿಲ್ಲ. ವ್ರತವಿಲ್ಲ, ಹರಕೆಯಿಲ್ಲ. ಲೆಕ್ಕಾಚಾರವೆಲ್ಲ ಮುಗಿದ ಮೇಲೆ ನಂಬಿಕೆ ಹುಟ್ಟಿತು.

ಅದೇ ವರ್ಷ ಅವರು ಬಂಗಾಳದ ವಕೀಲ ಬಿಪಿನ್ ಬಿಹಾರಿ ದಾಸ್ ಮೇಧಾವಿಯವರನ್ನು ಜಾತಿ ಮೀರಿ ಮದುವೆಯಾದರು. 1881ರಲ್ಲಿ ಮಗಳು ಮನೋರಮಾ ಹುಟ್ಟಿದಳು. 1882ರ ಫೆಬ್ರವರಿಯಲ್ಲಿ ಗಂಡ ಕಾಲರಾದಿಂದ ತೀರಿಕೊಂಡರು. ಇಪ್ಪತ್ತಮೂರರ ಪ್ರಾಯ, ಕಂಕುಳಲ್ಲಿ ಮಗು, ತವರೂ ಇಲ್ಲ, ಅತ್ತೆಮನೆಯೂ ಇಲ್ಲ. ಅಂದಿನ ವಿಧವೆಯ ಬಾಳು ಹೇಗಿತ್ತೆಂದು ನಮ್ಮ ಅಜ್ಜಿಯಂದಿರು ಬಲ್ಲರು.

ಅವರು ಮೂಲೆ ಸೇರಲಿಲ್ಲ. ಪುಣೆಗೆ ಬಂದು 1882ರಲ್ಲಿ ಆರ್ಯ ಮಹಿಳಾ ಸಮಾಜವನ್ನು ಕಟ್ಟಿದರು. ಶಿಕ್ಷಣದ ಹಂಟರ್ ಆಯೋಗದ ಮುಂದೆ, ಹೆಣ್ಣುಮಕ್ಕಳಿಗೆ ಶಿಕ್ಷಕಿಯರೂ ವೈದ್ಯೆಯರೂ ಬೇಕೆಂದು ಸಾಕ್ಷ್ಯ ನುಡಿದರು. ತಾವೇ ವೈದ್ಯೆಯಾಗಬೇಕೆಂದು 1883ರಲ್ಲಿ ಇಂಗ್ಲೆಂಡಿಗೆ ಹೋದರು. ಕಿವಿ ಮಂದವಾದ್ದರಿಂದ ಅದು ಕೈಗೂಡಲಿಲ್ಲ. ಅಲ್ಲಿಯೇ ಕ್ರೈಸ್ತ ಮತ ಸ್ವೀಕರಿಸಿದರು. ಇದು ಅಂದು ದೊಡ್ಡ ಕೋಲಾಹಲ ಎಬ್ಬಿಸಿತು, ಈಗಲೂ ಚರ್ಚೆಯಾಗುತ್ತದೆ. ಒಂದು ಮಾತನ್ನಂತೂ ಹೇಳಬೇಕು. ಅಲ್ಲಿಯೂ ಅವರು ಹೇಳಿದ್ದಕ್ಕೆಲ್ಲ ತಲೆಯಾಡಿಸಿದವರಲ್ಲ. ಪಾದ್ರಿಗಳೊಡನೆ ವಾದಿಸಿದರು, ಶಿಲುಬೆಯ ಮೇಲೆ ಲ್ಯಾಟಿನ್ ಬರಹವೇಕೆ, ಸಂಸ್ಕೃತ ಏಕಿರಬಾರದು ಎಂದು ಕೇಳಿದರು. ಕೊನೆಯವರೆಗೂ ಸಸ್ಯಾಹಾರಿಯಾಗಿಯೇ ಉಳಿದರು.

1886ರಲ್ಲಿ ಅಮೆರಿಕಕ್ಕೆ ಹೋಗಿ, ಮರುವರ್ಷ ಮೇಲ್ಜಾತಿಯ ಹಿಂದೂ ಹೆಣ್ಣಿನ ಬದುಕಿನ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದರು. ಅಲ್ಲಿನವರು ಸಂಘ ಕಟ್ಟಿ ಹತ್ತು ವರ್ಷ ನೆರವಾಗುವ ಭರವಸೆ ಕೊಟ್ಟರು. 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆಯಿತು. ಮೊದಲ ವಿದ್ಯಾರ್ಥಿನಿಯರಲ್ಲಿ ಒಬ್ಬರಾದ ಗೋದೂಬಾಯಿ ಮುಂದೆ ಧೋಂಡೋ ಕೇಶವ ಕರ್ವೆಯವರ ಪತ್ನಿಯಾದರು. ಪುಣೆಗೆ ಸ್ಥಳಾಂತರವಾದ ಸದನದಲ್ಲಿ ಮತಾಂತರ ನಡೆಯುತ್ತಿದೆಯೆಂದು 1893ರಲ್ಲಿ ಗದ್ದಲವೆದ್ದಿತು. ಬೆಂಬಲಿಸಿದ್ದ ರಾನಡೆ, ಭಂಡಾರ್ಕರ್ ಅಂಥವರೂ ದೂರ ಸರಿದರು. ಅನೇಕ ಹುಡುಗಿಯರನ್ನು ಮನೆಯವರು ಕರೆದೊಯ್ದರು.

1896-97ರಲ್ಲಿ ಮಧ್ಯಪ್ರಾಂತ್ಯದಲ್ಲಿ ಬರ ಬಿದ್ದ ಸುದ್ದಿ ಬಂದಾಗ, ಸಜ್ಜೆ ರೊಟ್ಟಿಗಾಗಿ ನೆರೆಮನೆಯ ಬಾಗಿಲಲ್ಲಿ ನಿಂತಿದ್ದ ಹುಡುಗಿ ಅವರಲ್ಲಿ ಎದ್ದು ಕುಳಿತಿರಬೇಕು. ಕೈಯಲ್ಲಿ ಹಣವಿರಲಿಲ್ಲ, ಸದನದಲ್ಲಿ ಜಾಗವಿರಲಿಲ್ಲ. ಆದರೂ ಹೊರಟರು. ಮೂಳೆ ಚರ್ಮವಾಗಿದ್ದ ಬಾಲಕಿಯರನ್ನು, ಎಳೆಯ ವಿಧವೆಯರನ್ನು ಕರೆತಂದರು. ಪುಣೆಯಲ್ಲಿ ಪ್ಲೇಗ್ ಹಬ್ಬಿದ್ದರಿಂದ ಊರೊಳಗೆ ಇಡುವಂತಿರಲಿಲ್ಲ. ಪುಣೆಯಿಂದ ಸುಮಾರು 55 ಕಿಲೋಮೀಟರ್ ದೂರದ ಕೇಡ್‌ಗಾಂವ್‌ನಲ್ಲಿ ಹಣ್ಣಿನ ತೋಟಕ್ಕೆಂದು ಕೊಂಡಿದ್ದ ಜಮೀನಿನಲ್ಲಿ ಗುಡಿಸಲು ಹಾಕಿದರು. ಅದೇ ಮುಕ್ತಿ ಸದನವಾಯಿತು. 1900ರ ಹೊತ್ತಿಗೆ, ಗುಜರಾತಿನ ಬರದಿಂದ ಬಂದವರೂ ಸೇರಿ, ಅಲ್ಲಿದ್ದವರ ಸಂಖ್ಯೆ 1,500 ದಾಟಿತ್ತು.

ಆ ಬರಗಾಲದಲ್ಲಿ ಅಲ್ಲಿನ ಬಾವಿಗಳಲ್ಲಿ ಸಂಜೆಗೆ ತಳ ಕಾಣುತ್ತಿತ್ತು, ಬೆಳಗಾಗುವಷ್ಟರಲ್ಲಿ ಮತ್ತೆ ನೀರು ನಿಂತಿರುತ್ತಿತ್ತು ಎಂದು ಹೇಳುತ್ತಾರೆ. ರಮಾಬಾಯಿಯವರ ಬಳಗ ಅದನ್ನು ದೇವರ ಕೃಪೆಯೆಂದು ಕಂಡಿತು. ದಖ್ಖನ್ನಿನ ಕಪ್ಪು ಬಂಡೆಯ ಬಿರುಕುಗಳಲ್ಲಿ ರಾತ್ರಿಯಿಡೀ ನೀರು ಜಿನುಗಿ ಬಾವಿಗೆ ಸೇರುತ್ತದೆ ಎಂದು ಎಂಜಿನಿಯರ್ ವಿವರಿಸಬಲ್ಲ. ನನಗೆ ಎರಡರಲ್ಲೂ ಜಗಳ ಕಾಣುವುದಿಲ್ಲ. ಬಾವಿ ತೋಡಿಸದಿದ್ದರೆ ಕೃಪೆ ನಿಲ್ಲಲು ಜಾಗವೇ ಇರುತ್ತಿರಲಿಲ್ಲ. ರಮಾಬಾಯಿ ದಿನವೂ ಪ್ರಾರ್ಥಿಸುತ್ತಿದ್ದರು. ಜೊತೆಗೆ ತೋಟ, ಹೈನು, ನೇಯ್ಗೆ, ಹೊಲಿಗೆ, ಅಚ್ಚುಕೂಟ ಎಲ್ಲವನ್ನೂ ನಡೆಸುತ್ತಿದ್ದರು. ಆ ಹೆಣ್ಣುಮಕ್ಕಳು ಮೊಳೆ ಜೋಡಿಸಿ ಪುಸ್ತಕ ಅಚ್ಚು ಹಾಕುತ್ತಿದ್ದರು. ಕಣ್ಣಿಲ್ಲದವರು ಬ್ರೈಲ್ ಲಿಪಿ ಓದಲು, ಬುಟ್ಟಿ ಹೆಣೆಯಲು ಕಲಿತರು.

ಮಗಳು ಮನೋರಮಾ ತಾಯಿಗೆ ಬಲಗೈಯಾದರು. ನಮ್ಮ ಕಲಬುರಗಿಯಲ್ಲಿ, ಅಂದಿನ ನಿಜಾಮ್ ರಾಜ್ಯದಲ್ಲಿ, ಹೆಣ್ಣುಮಕ್ಕಳ ಶಾಲೆ ತೆರೆಯುವುದರಲ್ಲೂ ಅವರ ಶ್ರಮವಿದೆ. ಆದರೆ 1921ರಲ್ಲಿ ಆ ಮಗಳೂ ತಾಯಿಗಿಂತ ಮೊದಲೇ ಹೋದರು. ರಮಾಬಾಯಿ ಕೆಲಸ ನಿಲ್ಲಿಸಲಿಲ್ಲ. ಹೀಬ್ರೂ, ಗ್ರೀಕ್ ಕಲಿತು ಸರಳ ಮರಾಠಿಗೆ ಮಾಡುತ್ತಿದ್ದ ಬೈಬಲ್ ಅನುವಾದವನ್ನು ಮುಗಿಸಿ, 1922ರ ಏಪ್ರಿಲ್ 5ರಂದು ಕಣ್ಣು ಮುಚ್ಚಿದರು. 1989ರಲ್ಲಿ ಭಾರತ ಸರ್ಕಾರ ಅವರ ಅಂಚೆ ಚೀಟಿ ಹೊರಡಿಸಿತು. ಶುಕ್ರ ಗ್ರಹದ ಒಂದು ಕುಳಿಗೆ ಮೇಧಾವಿ ಎಂಬ ಅವರ ಹೆಸರಿದೆ.

ಇದನ್ನೆಲ್ಲ ಬರೆಯುವಾಗ ನನ್ನ ಅಮ್ಮ ನೆನಪಾಗುತ್ತಾರೆ. ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ ಅಪ್ಪ ಅಡಿಕೆ ಮರದಿಂದ ಬಿದ್ದು ಎರಡು ವರ್ಷ ಹಾಸಿಗೆ ಹಿಡಿದರು. ಅಮ್ಮ ಸಂಜೆ ತುಳಸಿಗೆ ದೀಪ ಇಟ್ಟು ಕೈಮುಗಿದು, ಒಳಗೆ ಬಂದು ಮೊರ ಎಳೆದುಕೊಂಡು ಬೀಡಿ ಕಟ್ಟಲು ಕೂರುತ್ತಿದ್ದರು. ಮಧ್ಯರಾತ್ರಿ ಎಚ್ಚರವಾದರೂ ಕತ್ತರಿಯ ಸದ್ದು ಕೇಳುತ್ತಿತ್ತು. ದೇವರು ನೋಡಿಕೊಳ್ಳುತ್ತಾನೆ ಅನ್ನುತ್ತೀರಿ, ಮತ್ತೆ ಇಷ್ಟು ಬೀಡಿ ಏಕೆ ಎಂದು ಒಮ್ಮೆ ಕೇಳಿದ್ದೆ. ಅಮ್ಮ ನಕ್ಕು ಸುಮ್ಮನಾದರು. ಆ ಬೀಡಿಯ ದುಡ್ಡಿನಲ್ಲೇ ನನ್ನ ಎಸ್‌ಎಸ್‌ಎಲ್‌ಸಿ ಮುಗಿಯಿತು. ಮಧ್ಯಾಹ್ನ ಊಟವಾಯಿತೇ ಎಂದು ದಿನವೂ ವಿಚಾರಿಸುತ್ತಿದ್ದ ಗುರುಗಳೂ ಇದೇ ಶಾಲೆಯಲ್ಲಿದ್ದರು. ನನ್ನ ಪ್ರಶ್ನೆಗೆ ಉತ್ತರ ದೊರೆತದ್ದು ರಮಾಬಾಯಿಯವರ ಜೀವನ ಓದಿದ ಮೇಲೆ. ದೇವರ ರಕ್ಷೆ ಎಂದರೆ ಕಷ್ಟ ಬಾರದಿರುವುದಲ್ಲ. ಕಷ್ಟದಲ್ಲಿ ಕೈ ನಿಲ್ಲದಿರುವುದು, ಮತ್ತು ತಾನು ದಾಟಿದ ಮೇಲೆ ಇನ್ನೊಬ್ಬರಿಗೆ ಕೈ ಚಾಚುವುದು.

ಐವತ್ತು ವರ್ಷಗಳಲ್ಲಿ ನಮ್ಮ ಶಾಲೆ ಎಷ್ಟೋ ಮನೆಗಳ ಮಕ್ಕಳನ್ನು ಹಾಗೆ ದಾಟಿಸಿದೆ. ದಾಟಿದ ನಾವು ಹಿಂತಿರುಗಿ ನೋಡೋಣ. ಇಂದು ಎಂಟನೆಯ ತರಗತಿಯ ಬೆಂಚಿನಲ್ಲಿ ಕುಳಿತ ಯಾವುದೋ ಮಗುವಿನ ಮನೆಯಲ್ಲೂ ಅಂಥದೇ ರಾತ್ರಿ ನಡೆದಿರಬಹುದು. ಆ ಮಗು ಬಾಯಿಬಿಟ್ಟು ಕೇಳಲಾರದು. ರೊಟ್ಟಿ ಕೊಟ್ಟ ನೆರೆಮನೆಯ ತಾಯಿಯಂತೆ, ಮುಖ ನೋಡಿಯೇ ನಾವು ಅರಿಯಬೇಕು.