ಮೈಕೆಲ್ ವೆಸ್ಟ್ ಮಹಾಶಯರು (1888–1973)

ಪರಭಾಷೆಯನ್ನು ಕಲಿಯುವ ಮಗುವಿಗೆ ಯಾವ ಶಬ್ದವನ್ನು ಮೊದಲು ಕಲಿಸಬೇಕು, ಯಾವುದನ್ನು ಮುಂದಕ್ಕೆ ತಡೆದಿಡಬೇಕು ಎಂಬುದು ಮೇಲುನೋಟಕ್ಕೆ ಅಲ್ಪವಾದ ಪ್ರಶ್ನೆಯಾಗಿ ತೋರಬಹುದು. ಈ ಪ್ರಶ್ನೆಗಾಗಿಯೇ ತಮ್ಮ ಆಯುಷ್ಯದ ಬಹುಭಾಗವನ್ನು ವ್ಯಯಮಾಡಿದವರು ಮೈಕೆಲ್ ವೆಸ್ಟ್ ಮಹಾಶಯರು. ನಮ್ಮ ಪೂರ್ವವಿದ್ಯಾರ್ಥಿನಿಯರೂ ಪೋಷಕರೂ ಇವರ ಚರಿತ್ರೆಯನ್ನು ಅರಿಯುವುದು ಉಚಿತವೆಂದೆಣಿಸಿ ಇಲ್ಲಿ ಸಂಕ್ಷೇಪವಾಗಿ ನಿರೂಪಿಸುತ್ತೇವೆ.

1888ರಲ್ಲಿ ಜನಿಸಿದ ಇವರು ಆಕ್ಸ್‌ಫರ್ಡಿನಲ್ಲಿ ವ್ಯಾಸಂಗವನ್ನು ಪೂರೈಸಿ, 1912ರಲ್ಲಿ ಭಾರತದ ವಿದ್ಯಾಭ್ಯಾಸ ಸೇವೆಯನ್ನು ಸೇರಿ ಬಂಗಾಳಕ್ಕೆ ಬಂದರು. ಮುಂದೆ ಢಾಕಾ ನಗರದ ಟ್ರೈನಿಂಗ್ ಕಾಲೇಜಿನ ಪ್ರಿನ್ಸಿಪಾಲರಾದರು. ಅಲ್ಲಿಯ ಪಾಠಶಾಲೆಗಳಲ್ಲಿ ಇವರು ಕಂಡದ್ದೇನು? ಮಕ್ಕಳು ವರ್ಷಗಟ್ಟಲೆ ಇಂಗ್ಲಿಷನ್ನು ಕಲಿತರೂ ಒಂದು ಸರಳವಾದ ಪುಸ್ತಕವನ್ನು ತಾವಾಗಿ ಓದಿ ತಿಳಿಯಲಾರದವರಾಗಿದ್ದರು. ಅನೇಕರು ವಿದ್ಯಾಭ್ಯಾಸವನ್ನು ಮುಗಿಸದೆಯೇ ಶಾಲೆಯನ್ನು ಬಿಡುತ್ತಿದ್ದರು. ಜೀವವಿಮೆಯನ್ನು ನಡುವೆ ನಿಲ್ಲಿಸಿದವರಿಗೂ ಕಟ್ಟಿದ ಹಣದಲ್ಲಿ ಒಂದು ಪಾಲು ಹಿಂದಿರುಗುವುದುಂಟು. ಅದರಂತೆಯೇ, ನಡುವೆ ಶಾಲೆ ಬಿಟ್ಟ ಮಗುವಿಗೂ ಕಲಿತಷ್ಟು ಉಪಯೋಗಕ್ಕೆ ಬರಬೇಕೆಂಬುದು ಇವರ ಸಿದ್ಧಾಂತ. ಉಪಾಧ್ಯಾಯರ ನೆರವಿಲ್ಲದೆ ಮನೆಯಲ್ಲಿಯೂ ಬೆಳೆಯಿಸಿಕೊಳ್ಳಬಹುದಾದುದು ವಾಚನಶಕ್ತಿ. ಆದುದರಿಂದ ಮಾತಿಗಿಂತ ಮೊದಲು ಓದಿಗೆ ಪ್ರಾಶಸ್ತ್ಯವಿರಬೇಕೆಂದು 1926ರಲ್ಲಿ ಪ್ರಕಟವಾದ ತಮ್ಮ ದ್ವಿಭಾಷಾವಿಷಯಕ ಗ್ರಂಥದಲ್ಲಿ ಪ್ರತಿಪಾದಿಸಿದರು.

ಅಂದಿನ ವಾಚನಪುಸ್ತಕಗಳಲ್ಲಿ ಇವರು ಎರಡು ದೋಷಗಳನ್ನು ಕಂಡರು. ನಿತ್ಯಬಳಕೆಯಿಲ್ಲದ ಹಳೆಯ ಗ್ರಾಂಥಿಕ ಶಬ್ದಗಳು ಅವುಗಳಲ್ಲಿ ತುಂಬಿದ್ದುವು. ಹೊಸ ಶಬ್ದಗಳು ಒಂದರ ಮೇಲೊಂದು ಬಂದು, ಯಾವುದೊಂದೂ ಮನಸ್ಸಿನಲ್ಲಿ ನೆಲೆಗೊಳ್ಳಲು ಅವಕಾಶವಿರಲಿಲ್ಲ. ವೆಸ್ಟರು ದ್ವೀಪಕ್ಕೆ ಐಲ್ ಎಂಬುದನ್ನು ಬಿಟ್ಟು ಐಲಂಡ್ ಎಂಬುದನ್ನಿಟ್ಟರು. ಹೊಸ ಶಬ್ದಗಳನ್ನು ವಿರಳವಾಗಿ ಹಂಚಿ, ಬಂದ ಶಬ್ದವು ಕಥೆಯಲ್ಲಿ ಮತ್ತೆ ಮತ್ತೆ ಕಣ್ಣಿಗೆ ಬೀಳುವಂತೆ ಮಾಡಿದರು. ಹೀಗೆ ಹುಟ್ಟಿದವು ನ್ಯೂ ಮೆಥಡ್ ರೀಡರುಗಳು.

1932ರಲ್ಲಿ ಭಾರತವನ್ನು ಬಿಟ್ಟ ಮೇಲೂ ಈ ಶೋಧನೆ ನಿಲ್ಲಲಿಲ್ಲ. 1935ರಲ್ಲಿ ಎಂಡಿಕಾಟ್ ಅವರೊಡಗೂಡಿ, ಸುಮಾರು 24,000 ಪದ ಮತ್ತು ಪದಪ್ರಯೋಗಗಳಿಗೆ ಕೇವಲ 1,490 ಶಬ್ದಗಳಲ್ಲಿ ಅರ್ಥಹೇಳುವ ನಿಘಂಟನ್ನು ಹೊರತಂದರು. 1953ರಲ್ಲಿ ಪ್ರಕಟವಾದ ಇವರ ಶಬ್ದಪಟ್ಟಿಯಲ್ಲಿ ಸುಮಾರು 2,000 ಮುಖ್ಯಶಬ್ದಗಳಿದ್ದು, ಒಂದೊಂದು ಶಬ್ದದ ಯಾವ ಅರ್ಥವು ನೂರಕ್ಕೆ ಎಷ್ಟು ಪಾಲು ಬಳಕೆಯಲ್ಲಿದೆಯೆಂಬುದೂ ಸೂಚಿತವಾಗಿದೆ. ಬಳಕೆಯ ಎಣಿಕೆಯನ್ನಷ್ಟೇ ನೆಚ್ಚದೆ, ಕಲಿಯುವ ಸೌಲಭ್ಯವನ್ನೂ ಅವಶ್ಯಕತೆಯನ್ನೂ ತೂಗಿ ಈ ಶಬ್ದಗಳನ್ನು ಆರಿಸಲಾಗಿತ್ತು. ಕಂಪ್ಯೂಟರಿನಂತಹ ಶಬ್ದಗಳಿಗೆ ಅದರಲ್ಲಿ ಸ್ಥಾನವಿಲ್ಲ; 2013ರಲ್ಲಿ ವಿದ್ವಾಂಸರು ಹೊಸ ಪಟ್ಟಿಯನ್ನೂ ರಚಿಸಿದರು. ಆದರೂ ಆ ಮಾರ್ಗವನ್ನು ಸವೆಸಿದವರಲ್ಲಿ ವೆಸ್ಟರು ಅಗ್ರಗಣ್ಯರು. 1973ರಲ್ಲಿ ಇವರು ದಿವಂಗತರಾದರು.

ಓದಿಗೇ ಒತ್ತುಕೊಟ್ಟರೆ ಮಕ್ಕಳ ನಾಲಗೆ ಹಿಂದೆ ಬೀಳುವುದಿಲ್ಲವೇ ಎಂದು ಪೋಷಕರು ಶಂಕಿಸಬಹುದು. ಈ ಶಂಕೆ ನಿರಾಧಾರವಲ್ಲ. ಮಾತಿನ ಅಭ್ಯಾಸವೂ ಬೇಕೇ ಬೇಕು. ಆದರೆ ಮದುವೆಯಿಂದಲೋ ಮನೆಯ ಕಷ್ಟದಿಂದಲೋ ಕಡೆಯ ತರಗತಿಯನ್ನು ಮುಟ್ಟದೆ ಹೋದ ಹೆಣ್ಣುಮಕ್ಕಳು ಎಷ್ಟೋ ಮಂದಿ. ಶಾಲೆಯ ಬಾಗಿಲನ್ನು ದಾಟಿದ ಮೇಲೆ ಅವರ ಪಾಲಿಗೆ ಉಪಾಧ್ಯಾಯರೂ ಇಲ್ಲ, ಮಾತಿಗೆ ಜೊತೆಯೂ ಇಲ್ಲ. ಓದಬಲ್ಲವಳಾದರೆ ಪುಸ್ತಕವೊಂದು ಉಳಿದೀತು. ಪಾಠವನ್ನು ಕಡೆಯವರೆಗೆ ಕಲಿಯುವವಳಿಗಾಗಿ ಮಾತ್ರವಲ್ಲದೆ, ನಾಳೆಯೇ ಬಿಟ್ಟುಹೋಗಬಹುದಾದವಳಿಗಾಗಿಯೂ ಸಿದ್ಧಪಡಿಸಬೇಕೆಂಬ ವಿವೇಕವನ್ನು ನಾವು ಈ ಮಹನೀಯರ ಬಾಳಿನಿಂದ ಕಲಿಯತಕ್ಕದ್ದಾಗಿದೆ.